ಕ್ರಿಯಾಪದದ ಬೆನ್ನಿಗೆ ಬರುವ ಕಿರುಪದ



ಇಂಗ್ಲಿಷ್ ಭಾಷೆಯನ್ನು ಶಾಲೆ ಕಾಲೇಜುಗಳಲ್ಲಿ ಅನೇಕ ವರ್ಷ ವ್ಯಾಸಂಗಮಾಡಿ, ಅದರ ಕಾವ್ಯನಾಟಕಗಳನ್ನು ಆಸ್ವಾದಿಸಬಲ್ಲಷ್ಟು ಪರಿಣತಿಯನ್ನು ಸಂಪಾದಿಸಿದವರೂ ಸಹ, ಆ ಭಾಷೆಯೇ ಮನೆಮಾತಾಗಿರುವ ಇಬ್ಬರು ತಮ್ಮೊಳಗೆ ಸಲಿಗೆಯಿಂದ ಆಡುವ ಮಾತು ಕಿವಿಗೆ ಬಿದ್ದಾಗ ತಬ್ಬಿಬ್ಬಾಗುವುದುಂಟು. ಅಲ್ಲಿ ಕೇಳಿಬರುವ ಶಬ್ದಗಳಲ್ಲಿ ಒಂದಾದರೂ ಅಪರಿಚಿತವಾದುದಲ್ಲ. ‘ಪುಟ್’ ಎಂದರೆ ಇಡು ಎಂಬುದನ್ನು ಮೊದಲ ಪಾಠದ ಹುಡುಗನೂ ಬಲ್ಲ. ‘ಅಪ್’ ಎಂದರೆ ಮೇಲೆ, ‘ವಿತ್’ ಎಂದರೆ ಒಡನೆ ಎಂಬುದೂ ಅವನಿಗೆ ಗೊತ್ತು. ಆದರೆ ಈ ಮೂರೂ ಒಂದರ ಬೆನ್ನಿಗೊಂದು ನಿಂತು ‘ಪುಟ್ ಅಪ್ ವಿತ್’ ಎಂದಾದೊಡನೆ ಇಡುವ ಕೆಲಸವೂ ಮಾಯವಾಗಿ, ಮೇಲೆಂಬ ದಿಕ್ಕೂ ಮರೆಯಾಗಿ, ಮೂರರಲ್ಲಿ ಯಾವುದರಲ್ಲಿಯೂ ಬಿಡಿಯಾಗಿ ಇರದಿದ್ದ ‘ಸಹಿಸಿಕೊಳ್ಳುವುದು’ ಎಂಬ ಅರ್ಥವು ಅಲ್ಲಿ ಉದ್ಭವಿಸಿಬಿಡುತ್ತದೆ. ಈ ಒಂದು ಪ್ರಯೋಗವನ್ನು ಹಿಡಿದುಕೊಂಡು, ಅದರ ಹಿಂದಿರುವ ಭಾಷಾಸ್ವಭಾವವನ್ನು ಕುರಿತು ಕೆಲವು ಮಾತುಗಳನ್ನು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ. ಇಂತಹ ಕ್ರಿಯಾಪದಗಳು ನಿಯಮವಿಲ್ಲದ ಪ್ರಯೋಗಗಳೆಂದೂ, ಘನತೆಯುಳ್ಳ ಬರವಣಿಗೆಯಿಂದ ಅವನ್ನು ದೂರವಿಡಬೇಕೆಂದೂ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿರುವ ನಂಬಿಕೆಯನ್ನು ನಾನು ಒಪ್ಪಲಾರೆ. ಕನ್ನಡಿಗನು ತನ್ನ ಮನೆಮಾತಿನ ಕಡೆಗೆ ಒಮ್ಮೆ ಕಿವಿಗೊಟ್ಟನಾದರೆ, ಈ ಪ್ರಯೋಗಗಳ ಒಳಗುಟ್ಟು ಅವನಿಗೆ ಹೊಸದೇನೂ ಅಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಬಗೆಯ ಪದಕೂಟಕ್ಕೆ ಇಂಗ್ಲಿಷ್ ವೈಯಾಕರಣರು ‘ಫ್ರೇಸಲ್ ವರ್ಬ್’ ಎಂದು ಹೆಸರಿಟ್ಟಿದ್ದಾರೆ. ವಸ್ತು ಬಹು ಹಳೆಯದು. ಹೆಸರು ಮಾತ್ರ ಇಪ್ಪತ್ತನೆಯ ಶತಮಾನದ್ದು. ಅಮೆರಿಕದಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ವಿದ್ವಾಂಸರು 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಎಂಬ ಗ್ರಂಥದಿಂದ ಅದು ಪ್ರಚಾರಕ್ಕೆ ಬಂದಿತು. ಆ ಹೆಸರನ್ನು ತಮಗೆ ಸೂಚಿಸಿದವರು ಆಕ್ಸ್‌ಫರ್ಡ್ ಮಹಾನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿಯವರೆಂದು ಸ್ಮಿತ್ ಅವರೇ ಹೇಳಿದ್ದಾರೆ. ಆದರೆ ಹೆಸರಿಡುವುದಕ್ಕೆ ಬಹುಕಾಲ ಮುಂಚೆಯೇ ಈ ವಸ್ತುವಿನ ತೊಡಕನ್ನು ಚೆನ್ನಾಗಿ ಕಂಡಿದ್ದವರು ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್. 1755ರಲ್ಲಿ ಹೊರಬಂದ ತಮ್ಮ ನಿಘಂಟಿನ ಪೀಠಿಕೆಯಲ್ಲಿ ಅವರು, ಕ್ರಿಯಾಪದದೊಡನೆ ಕಿರುಪದವೊಂದು ಕೂಡಿ ಅರ್ಥವೇ ಬೇರೆಯಾಗುವ ಈ ಪ್ರಯೋಗಗಳು ವಿದೇಶೀಯರಿಗೆ ಎಲ್ಲಕ್ಕಿಂತ ಹೆಚ್ಚಿನ ಕಷ್ಟವನ್ನು ಕೊಡುತ್ತವೆಂದು ಗುರುತಿಸಿ, ಅಂಥವನ್ನು ವಿಶೇಷವಾದ ಶ್ರಮದಿಂದ ಸಂಗ್ರಹಿಸಿದ್ದಾಗಿ ತಿಳಿಸಿದರು. ಇವುಗಳಲ್ಲಿ ಕೆಲವು ಮೂಲಪದಗಳ ಅರ್ಥದಿಂದ ಎಷ್ಟು ದೂರ ಸರಿದಿವೆಯೆಂದರೆ, ಅವು ಅಲ್ಲಿಗೆ ಹೋಗಿ ಸೇರಿದ ದಾರಿಯ ಹೆಜ್ಜೆಗುರುತನ್ನು ಕಂಡುಹಿಡಿಯಲು ಯಾವ ಜಾಣ್ಮೆಗೂ ಸಾಧ್ಯವಿಲ್ಲವೆಂಬುದು ಅವರ ಮತ. ಅಷ್ಟು ದೊಡ್ಡ ವಿದ್ವಾಂಸರ ಮಾತಿಗೆ ಎದುರಾಡುವುದು ಸಾಹಸವೇ ಸರಿ. ಆದರೂ ‘ಪುಟ್ ಅಪ್ ವಿತ್’ನ ಮಟ್ಟಿಗೆ, ತಾಳ್ಮೆಯಿಂದ ಹುಡುಕುವವನಿಗೆ ಹೆಜ್ಜೆಗುರುತು ಸಿಕ್ಕದೆ ಹೋಗದು.

ಮೊದಲು ‘ಪುಟ್ ಅಪ್’ ಎಂಬ ಜೋಡಿಯನ್ನೇ ತೆಗೆದುಕೊಳ್ಳೋಣ. ‘ವಿತ್’ ಎಂಬುದು ಆಮೇಲೆ ಬಂದು ಸೇರಿದುದು. ಡೇರೆಯನ್ನು ಹಾಕುವುದು, ಗೋಡೆಯನ್ನು ಎಬ್ಬಿಸುವುದು, ಚಿತ್ರಪಟವನ್ನು ಗೋಡೆಗೆ ತೂಗುಹಾಕುವುದು, ಮಳೆ ಬಂದಾಗ ಕೊಡೆಯನ್ನು ಬಿಚ್ಚಿ ಹಿಡಿಯುವುದು, ಇವೆಲ್ಲವೂ ‘ಪುಟ್ ಅಪ್’. ಇಲ್ಲಿ ‘ಅಪ್’ ಎಂಬುದರ ಮೇಲ್ಮುಖವಾದ ಚಲನೆ ಕಣ್ಣಿಗೆ ಕಾಣುವಂಥದು. ಬೆಲೆಯನ್ನು ಹೆಚ್ಚಿಸುವುದೂ ‘ಪುಟ್ ಅಪ್’. ಕನ್ನಡದಲ್ಲಿಯೂ ಬೆಲೆ ಏರುವುದರಿಂದ ಇದು ನಮಗೆ ಸುಲಭವಾಗಿಯೇ ತಿಳಿಯುತ್ತದೆ. ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸುವುದು, ಮನೆಯನ್ನು ಮಾರಾಟಕ್ಕಿಡುವುದು, ಎದುರಾಳಿಗೆ ಪ್ರತಿರೋಧವನ್ನೊಡ್ಡುವುದು, ಒಂದು ಉದ್ಯಮಕ್ಕೆ ಹಣವನ್ನೊದಗಿಸುವುದು, ಇವೂ ‘ಪುಟ್ ಅಪ್’ಗಳೇ. ಇಲ್ಲಿ ನಿಜವಾದ ಎತ್ತರವೇನೂ ಇಲ್ಲ. ಮರೆಯಲ್ಲಿದ್ದುದನ್ನು ನಾಲ್ಕು ಮಂದಿಯ ದೃಷ್ಟಿಗೆ ಬೀಳುವಂತೆ ಎತ್ತಿ ಮುಂದಿಡುವುದೆಂಬ ಭಾವವು ಮಾತ್ರ ಉಳಿದಿದೆ. ಇನ್ನೊಬ್ಬನಿಗೆ ಹೇಳಿಕೊಟ್ಟು ಅವನಿಂದ ಕಿಡಿಗೇಡಿ ಕೆಲಸವನ್ನು ಮಾಡಿಸುವುದಕ್ಕೂ, ಕೊನೆಯಲ್ಲಿ ‘ಟು’ ಎಂಬ ಮತ್ತೊಂದು ಕಿರುಪದವನ್ನು ಸೇರಿಸಿ, ಇದೇ ಮಾತನ್ನು ಬಳಸುತ್ತಾರೆ. ಇದನ್ನು ಕೇಳಿ ಆಶ್ಚರ್ಯಪಡುವ ಕನ್ನಡಿಗನು ತಾನು ದಿನವೂ ಆಡುವ ‘ಎತ್ತಿಕಟ್ಟು’ ಎಂಬ ಮಾತನ್ನು ನೆನೆದುಕೊಳ್ಳಬೇಕು. ಅಣ್ಣನ ಮೇಲೆ ತಮ್ಮನನ್ನು ಎತ್ತಿಕಟ್ಟಿದವನು ಯಾರನ್ನು ಎತ್ತಿದ, ಯಾವ ಗೂಟಕ್ಕೆ ಕಟ್ಟಿದ? ಅಲ್ಲಿಯೂ ಎತ್ತುವುದುಂಟು, ಇಲ್ಲಿಯೂ ‘ಅಪ್’ ಉಂಟು. ಎರಡರಲ್ಲಿಯೂ ಕಣ್ಣಿಗೆ ಕಾಣುವ ಎತ್ತರವಿಲ್ಲ.

ನಮ್ಮ ದೇಶದ ಕಚೇರಿಗಳಲ್ಲಿ ಈ ಜೋಡಿಗೆ ಒಂದು ವಿಶಿಷ್ಟವಾದ ಬಾಳು ದೊರೆತಿದೆ. ಗುಮಾಸ್ತೆಯು ಬಂದ ಅರ್ಜಿಯನ್ನು ಕಡತಕ್ಕೆ ಸೇರಿಸಿ, ಹಿಂದಿನ ಪತ್ರಗಳಿಗೆಲ್ಲ ಪುಟಸಂಖ್ಯೆಯನ್ನು ಹಾಕಿ, ಬೇಕಾದ ಎಡೆಯಲ್ಲಿ ಗುರುತಿನ ಚೀಟಿಯನ್ನು ಸಿಕ್ಕಿಸಿ, ಟಿಪ್ಪಣಿಯ ಹಾಳೆಯಲ್ಲಿ ವಿಷಯದ ಸಾರಾಂಶವನ್ನು ಬರೆದು, ಅದರ ಕೆಳಗೆ ‘ಪುಟ್ ಅಪ್ ಫಾರ್ ಆರ್ಡರ್ಸ್’ ಎಂದು ಒಂದು ಸಾಲನ್ನು ಸೇರಿಸಿ, ಚಿಕ್ಕ ಸಹಿಯನ್ನು ಹಾಕಿ, ಲಾಡಿ ಕಟ್ಟಿ, ಮೇಲಿನವರ ಮೇಜಿಗೆ ಕಳುಹಿಸುತ್ತಾನೆ. ‘ಆ ಫೈಲು ಪುಟಪ್ ಮಾಡಿದ್ದೀರೇನ್ರೀ?’ ಎಂದು ಅಧಿಕಾರಿಗಳು ಕೇಳುವುದೂ, ‘ನಿನ್ನೆಯೇ ಪುಟಪ್ ಮಾಡಿದ್ದೀನಿ ಸಾರ್’ ಎಂದು ಗುಮಾಸ್ತೆ ಉತ್ತರಿಸುವುದೂ ನಮ್ಮಲ್ಲಿ ಕನ್ನಡದ ಮಾತೇ ಆಗಿಹೋಗಿದೆ. ಕನ್ನಡದಲ್ಲಿಯೇ ಟಿಪ್ಪಣಿ ಬರೆಯುವೆಡೆ ಇದು ‘ಆದೇಶಕ್ಕಾಗಿ ಮಂಡಿಸಿದೆ’ ಎಂಬ ರೂಪವನ್ನು ತಾಳುತ್ತದೆ. ಈ ಪ್ರಯೋಗವು ಇಂಗ್ಲೆಂಡಿನ ಸಾಮಾನ್ಯನಿಗೆ ಥಟ್ಟನೆ ಅರ್ಥವಾಗದಿರಬಹುದು. ಆದರೆ ಅದು ತಪ್ಪೆಂದು ತಳ್ಳಿಹಾಕತಕ್ಕದ್ದಲ್ಲ. ಇಲ್ಲಿನ ‘ಅಪ್’ ಅಧಿಕಾರದ ಮೆಟ್ಟಿಲುಗಳನ್ನು ಹತ್ತುವ ‘ಅಪ್’. ಕಡತ ಮೇಲಕ್ಕೆ ಹೋಗಿದೆ, ಮೇಲಿನಿಂದ ಇನ್ನೂ ಬಂದಿಲ್ಲ ಎಂದು ನಾವು ಹೇಳುವಾಗ, ಮೇಲಧಿಕಾರಿಯ ಕೋಣೆ ಅದೇ ಅಂತಸ್ತಿನಲ್ಲಿ ಪಕ್ಕದಲ್ಲಿಯೇ ಇರಬಹುದಷ್ಟೆ.

ವಸತಿಯ ವಿಷಯಕ್ಕೆ ಬಂದಾಗ ಇಂಗ್ಲಿಷಿನ ದಿಕ್ಕೂ ಕನ್ನಡದ ದಿಕ್ಕೂ ಒಂದಕ್ಕೊಂದು ತೀರ ವಿರುದ್ಧವಾಗುತ್ತವೆ. ಪರಸ್ಥಳದಿಂದ ಬಂದವನು ಒಂದೆಡೆ ತಂಗಿರುವುದಕ್ಕೂ, ಅವನನ್ನು ಮನೆಯಲ್ಲಿ ತಂಗಿಸಿಕೊಳ್ಳುವುದಕ್ಕೂ ಇಂಗ್ಲಿಷರು ‘ಪುಟ್ ಅಪ್’ ಎನ್ನುತ್ತಾರೆ. ‘ನೀವು ಎಲ್ಲಿ ಇಳಿದುಕೊಂಡಿದ್ದೀರಿ?’ ಎಂದು ನಾವು ಕೇಳುತ್ತೇವೆ. ಮದುವೆಯ ಮನೆಯಲ್ಲಿ ‘ಬೀಗರನ್ನು ಯಾವ ಮನೆಯಲ್ಲಿ ಇಳಿಸಿದ್ದೀರಿ?’ ಎಂದು ವಿಚಾರಿಸುತ್ತೇವೆ. ಅವರು ಅತಿಥಿಯನ್ನು ಏರಿಸಿದರೆ ನಾವು ಇಳಿಸುತ್ತೇವೆ! ನಮ್ಮ ಮಾತಿನ ಹಿಂದೆ, ದೂರದಿಂದ ಬಂದವನು ಗಾಡಿಯಿಂದ ಕೆಳಗಿಳಿದು ಕಾಲು ತೊಳೆಯುವ ನೋಟವಿದೆಯೆಂದು ಊಹಿಸುವುದು ಕಷ್ಟವಲ್ಲ. ಒಂದೇ ಕಾರ್ಯವನ್ನು ಎರಡು ಜನಾಂಗಗಳು ಎರಡು ದಿಕ್ಕಿನಿಂದ ನೋಡಿ, ತಾವು ನೋಡಿದ ದಿಕ್ಕನ್ನೇ ಕ್ರಿಯಾಪದದಲ್ಲಿ ನಿಲ್ಲಿಸಿವೆ. ಕಾಲಕ್ರಮದಲ್ಲಿ ನೋಟ ಮರೆತುಹೋಗಿ ಮಾತು ಮಾತ್ರ ಉಳಿದಿದೆ.

ಇನ್ನು ಸಹನೆಯ ಅರ್ಥ. ‘ಪುಟ್ ಅಪ್’ ಎಂಬುದಕ್ಕೆ ಹಿಂದೆ ಮತ್ತೊಂದು ಅರ್ಥವಿತ್ತು. ವಸ್ತುವನ್ನು ಎತ್ತಿ ಅದರ ಸ್ಥಾನದಲ್ಲಿ, ಚೀಲದಲ್ಲೋ ಒರೆಯಲ್ಲೋ ಪೆಟ್ಟಿಗೆಯಲ್ಲೋ, ಒಳಗಿಟ್ಟುಬಿಡುವುದು ಎಂದು. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಆರಂಭದಲ್ಲಿ ಎರಡು ಮನೆತನಗಳ ಆಳುಗಳು ಬೀದಿಯಲ್ಲಿ ಕತ್ತಿ ಹಿರಿದು ನಿಂತಾಗ, ಜಗಳ ಬಿಡಿಸಲು ಬಂದ ಬೆನ್ವೋಲಿಯೋ ಕತ್ತಿಗಳನ್ನು ಒರೆಗೆ ಸೇರಿಸಿರೆಂದು ಹೇಳುವಾಗ ಬಳಸುವುದು ಈ ‘ಪುಟ್ ಅಪ್’ ಎಂಬ ಮಾತನ್ನೇ. 1611ರ ಇಂಗ್ಲಿಷ್ ಬೈಬಲಿನ ಯೋಹಾನನ ಸುವಾರ್ತೆಯಲ್ಲಿ, ತನ್ನನ್ನು ಬಂಧಿಸಲು ಬಂದವರ ಮೇಲೆ ಕತ್ತಿಯೆತ್ತಿದ ಪೇತ್ರನಿಗೆ ಯೇಸುಸ್ವಾಮಿಯು ಆಜ್ಞಾಪಿಸುವುದೂ ಅದೇ ಮಾತಿನಿಂದ. ಹಿರಿದ ಕತ್ತಿಯನ್ನು ಒರೆಯೊಳಕ್ಕೆ ಸೇರಿಸುವವನು ತನ್ನ ಕೋಪವನ್ನೂ ಒಳಕ್ಕೆ ಸೇರಿಸಿಕೊಳ್ಳುತ್ತಾನೆ. ಆದಕಾರಣ ಅಪಮಾನವನ್ನು, ಅನ್ಯಾಯವನ್ನು, ಪ್ರತಿಯಾಗಿ ಏನನ್ನೂ ಮಾಡದೆ, ಒಳಗಿಟ್ಟುಕೊಳ್ಳುವುದಕ್ಕೂ ‘ಪುಟ್ ಅಪ್’ ಎಂಬ ಮಾತು ಸಲ್ಲತೊಡಗಿದ್ದರಲ್ಲಿ ಅಸಹಜವಾದುದೇನೂ ಇಲ್ಲ. ‘ಒಥೆಲೊ’ ನಾಟಕದಲ್ಲಿ, ಇಯಾಗೋವಿನಿಂದ ವಂಚಿತನಾಗಿ ಹಣವನ್ನೆಲ್ಲ ಕಳೆದುಕೊಂಡ ರೋಡೆರಿಗೋ, ಇಷ್ಟು ದಿನ ಮೂರ್ಖನಂತೆ ಅನುಭವಿಸಿದ್ದನ್ನು ಇನ್ನು ಸುಮ್ಮನೆ ಸಹಿಸಿಕೊಂಡಿರಲಾರೆನೆಂದು ಸಿಡಿದೇಳುವಲ್ಲಿ ಈ ಅರ್ಥವೇ ಇದೆ. ಅಲ್ಲಿ ‘ವಿತ್’ ಇನ್ನೂ ಬಂದಿಲ್ಲ. ಅದು ತರುವಾಯ ಬಂದು ಕೂಡಿಕೊಂಡಿತು. ಇಂದು ಅದಿಲ್ಲದೆ ಆ ಅರ್ಥವೇ ಇಲ್ಲ.

ಕನ್ನಡಿಗನು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ‘ನಮ್ಮ ಹುಡುಗನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ನಾವು ಹಿರಿಯರನ್ನು ಬೇಡಿಕೊಳ್ಳುವುದಿಲ್ಲವೆ? ‘ಅವರು ಅಂದದ್ದನ್ನೆಲ್ಲ ನುಂಗಿಕೊಂಡೆ’ ಎಂದು ನೊಂದವರು ಹೇಳಿಕೊಳ್ಳುವುದಿಲ್ಲವೆ? ಸಮುದ್ರದಾಚೆಯ ಜನರು ಅಪಮಾನವನ್ನು ಎತ್ತಿ ಒಳಗಿಟ್ಟುಕೊಂಡರು, ನಾವು ಅದನ್ನು ಹೊಟ್ಟೆಗೆ ಹಾಕಿಕೊಂಡೆವು. ಇಡುವ, ಹಾಕುವ ಕೆಲಸವು ಸಹನೆಯ ಕೆಲಸವಾಗಿ ಮಾರ್ಪಡುವುದಕ್ಕೆ ಎರಡೂ ಭಾಷೆಗಳು ಹಿಡಿದ ದಾರಿ ಒಂದೇ. ಡಾಕ್ಟರ್ ಜಾನ್ಸನ್ ಅವರಿಗೆ ದುರ್ಗಮವಾಗಿ ತೋರಿದ ದಾರಿಗಳಲ್ಲಿ ಒಂದಾದರೂ ಕನ್ನಡದ ಅಡಿಗೆಮನೆಯ, ಪಡಸಾಲೆಯ ಮಾತುಗಳ ಬೆಳಕಿನಲ್ಲಿ ನಮಗೆ ಸ್ಪಷ್ಟವಾಗಿ ಕಾಣುತ್ತದೆಂಬುದು ಸಂತೋಷದ ಸಂಗತಿ.

ಆದರೆ ದಾರಿ ಒಂದೇ ಆದ ಮಾತ್ರಕ್ಕೆ ಸೇರಿದ ಊರು ಒಂದೇ ಎಂದು ಭಾವಿಸಕೂಡದು. ಹೊಟ್ಟೆಗೆ ಹಾಕಿಕೊಳ್ಳುವುದರಲ್ಲಿ ಕ್ಷಮೆಯಿದೆ, ವಾತ್ಸಲ್ಯವಿದೆ. ಹಾಕಿಕೊಂಡವನು ಆಮೇಲೆ ಅದನ್ನು ಎಣಿಸುವುದಿಲ್ಲ. ‘ಪುಟ್ ಅಪ್ ವಿತ್’ ಮಾಡುವವನು ಕ್ಷಮಿಸಿದವನಲ್ಲ. ಬೇರೆ ಉಪಾಯವಿಲ್ಲದೆ, ಮನಸ್ಸಿನೊಳಗೆ ಗೊಣಗಿಕೊಂಡು, ಆದರೂ ಸಂಬಂಧವನ್ನು ಕಡಿದುಕೊಳ್ಳದೆ ಮುಂದುವರಿಯುತ್ತಿರುವವನು. ಪುತ್ರಶೋಕವನ್ನು ಯಾರೂ ‘ಪುಟ್ ಅಪ್ ವಿತ್’ ಮಾಡುವುದಿಲ್ಲ. ಅಂತಹ ಮಹಾದುಃಖಕ್ಕೆ ಇಂಗ್ಲಿಷಿನಲ್ಲಿ ‘ಬೇರ್’, ‘ಎಂಡ್ಯೂರ್’ ಎಂಬ ಗಂಭೀರವಾದ ಮಾತುಗಳಿವೆ. ನೆರೆಮನೆಯ ಗದ್ದಲ, ಸೋರುವ ಮಾಳಿಗೆ, ಹೊತ್ತಿಗೆ ಸರಿಯಾಗಿ ಬಾರದ ಬಸ್ಸು, ಮಾತುಮಾತಿಗೂ ತಪ್ಪು ಹುಡುಕುವ ಮೇಲಧಿಕಾರಿ, ಇಂತಹ ದಿನನಿತ್ಯದ ಕಿರುಕುಳಗಳೇ ಈ ಮಾತಿನ ಕ್ಷೇತ್ರ. ಮದುವೆಯ ಮನೆಯಲ್ಲಿ ಹೆಣ್ಣಿನ ತಂದೆಯು ಬೀಗರ ಮುಂದೆ ಕೈಜೋಡಿಸಿ, ‘ಜಾಗ ಸ್ವಲ್ಪ ಇಕ್ಕಟ್ಟು, ತಾವು ಹೇಗಾದರೂ ಮಾಡಿ ಸುಧಾರಿಸಿಕೊಳ್ಳಬೇಕು’ ಎನ್ನುತ್ತಾನಲ್ಲ, ಆ ‘ಸುಧಾರಿಸಿಕೊ’ ಎಂಬುದು ಇದರ ಒಂದು ಮುಖವನ್ನು ಯಥಾವತ್ತಾಗಿ ತೋರಿಸುತ್ತದೆ. ‘ಈ ಮಗುವಿನ ಜೊತೆ ಏಗಿ ಏಗಿ ಸಾಕಾಯಿತು’ ಎಂದು ಅಜ್ಜಿ ಹೇಳುವ ‘ಏಗು’ ಎಂಬುದು ಮತ್ತೊಂದು ಮುಖ; ಇಂಗ್ಲಿಷಿನ ‘ವಿತ್’ಗೆ ಸರಿಸಮನಾದ ‘ಜೊತೆ’ ಎಂಬ ಮಾತೂ ಇಲ್ಲಿ ತಾನಾಗಿಯೇ ಬಂದು ನಿಂತಿರುವುದನ್ನು ಗಮನಿಸಬೇಕು. ಮನುಷ್ಯರ ಸ್ವಭಾವದೊಡನೆ ಏಗುತ್ತೇವೆ, ಸ್ಥಳದ ಇಕ್ಕಟ್ಟಿನಲ್ಲಿ ಸುಧಾರಿಸಿಕೊಳ್ಳುತ್ತೇವೆ, ಸೆಕೆಯನ್ನು ತಡೆದುಕೊಳ್ಳುತ್ತೇವೆ. ಇಂಗ್ಲಿಷ್ ಭಾಷೆ ಈ ಮೂರಕ್ಕೂ ಒಂದೇ ಮಾತನ್ನು ಇಟ್ಟುಕೊಂಡಿದೆ. ‘ಟಾಲರೇಟ್’ ಎಂಬುದು ಇದಕ್ಕೆ ಪರ್ಯಾಯವೆಂದು ಕೋಶಗಳು ಹೇಳುವುದೇನೋ ಸರಿ. ಆದರೆ ಆ ಶಬ್ದಕ್ಕೆ ನ್ಯಾಯಾಸನದ ಗಾಂಭೀರ್ಯವಿದೆ. ಪರಮತವನ್ನು, ಭಿನ್ನಾಭಿಪ್ರಾಯವನ್ನು ಒಂದು ರಾಜ್ಯವು ‘ಟಾಲರೇಟ್’ ಮಾಡುತ್ತದೆ. ಗಂಡನ ಗೊರಕೆಯನ್ನು ಹೆಂಡತಿ ‘ಪುಟ್ ಅಪ್ ವಿತ್’ ಮಾಡುತ್ತಾಳೆ.

ಕಿರುಪದವೊಂದು ಕ್ರಿಯೆಯ ಅರ್ಥವನ್ನು ಹೀಗೆ ತಿರುಗಿಸುವುದು ಇಂಗ್ಲಿಷಿಗೆ ಮಾತ್ರ ಸೇರಿದ ಸೋಜಿಗವೇ ಎಂದು ಕೇಳಿಕೊಂಡರೆ, ಸಂಸ್ಕೃತದ ಉಪಸರ್ಗಗಳು ತಕ್ಷಣವೇ ನೆನಪಿಗೆ ಬರುತ್ತವೆ. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತದಿಂದ ಬೇರೆಡೆಗೆ ಎಳೆದೊಯ್ಯುತ್ತದೆಂಬ ತತ್ತ್ವವನ್ನು ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಒಯ್ಯುವುದೆಂಬ ಅರ್ಥವುಳ್ಳ ‘ಹೃ’ ಎಂಬ ಒಂದೇ ಧಾತುವಿಗೆ ಬೇರೆಬೇರೆ ಉಪಸರ್ಗಗಳು ಸೇರಿ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂದಾಗುತ್ತವೆ. ಹೊಡೆತಕ್ಕೂ ಊಟಕ್ಕೂ, ಕೊಲ್ಲುವುದಕ್ಕೂ ಉದ್ಯಾನದಲ್ಲಿ ಅಡ್ಡಾಡುವುದಕ್ಕೂ ಏನು ನಂಟು? ಈ ಐದು ಶಬ್ದಗಳನ್ನೂ ಕನ್ನಡದಲ್ಲಿ ದಿನಬೆಳಗಾದರೆ ಬಳಸುವ ನಾವು ಯಾರೂ, ಇವು ಒಂದೇ ಬೇರಿನಿಂದ ಹೊರಟು ಇಷ್ಟು ದೂರ ಸರಿದುವಲ್ಲಾ ಎಂದು ಗಾಬರಿಗೊಂಡವರಲ್ಲ. ಒಂದೊಂದನ್ನೂ ಇಡಿಯಾದ ಮಾತಾಗಿ ಕಲಿತೆವು, ಇಡಿಯಾಗಿಯೇ ಬಳಸುತ್ತಿದ್ದೇವೆ.

ಸಂಸ್ಕೃತದಲ್ಲಿ ಉಪಸರ್ಗವು ಧಾತುವಿನ ಮುಂದೆ ಅಂಟಿಕೊಂಡಿರುತ್ತದೆ, ಇಂಗ್ಲಿಷಿನಲ್ಲಿ ಕಿರುಪದವು ಹಿಂದೆ ಬಿಡಿಯಾಗಿ ಬರುತ್ತದೆ, ಆದ್ದರಿಂದ ಹೋಲಿಕೆ ಸಲ್ಲದೆಂದು ಯಾರಾದರೂ ಆಕ್ಷೇಪಿಸಬಹುದು. ಇದಕ್ಕೆ ಪಾಣಿನಿಯಲ್ಲಿಯೇ ಸಮಾಧಾನವಿದೆ. ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, ಉಪಸರ್ಗಗಳು ಧಾತುವಿಗೆ ಮೊದಲು ಬರತಕ್ಕವೆಂದು ವಿಧಿಸಿದ ಕೂಡಲೆ, ಆ ಮಹರ್ಷಿಯು ವೇದಭಾಷೆಯಲ್ಲಿ ಅವು ಧಾತುವಿನ ಅನಂತರವೂ ಬರಬಹುದೆಂದೂ, ನಡುವೆ ಬೇರೆ ಶಬ್ದಗಳ ವ್ಯವಧಾನವಿರುವಂತೆ ದೂರದಲ್ಲಿಯೂ ನಿಲ್ಲಬಹುದೆಂದೂ ಎರಡು ಸೂತ್ರಗಳಲ್ಲಿ ಸ್ಪಷ್ಟಪಡಿಸಿದ್ದಾನೆ. ಋಗ್ವೇದವನ್ನು ಓದುವವರಿಗೆ, ಉಪಸರ್ಗವು ಮಂತ್ರದ ಒಂದು ಕಡೆ, ಅದಕ್ಕೆ ಸೇರಿದ ಕ್ರಿಯಾಪದವು ಮತ್ತೊಂದು ಕಡೆ ನಿಂತಿರುವುದು ನಿತ್ಯದ ಅನುಭವ. ಜರ್ಮನ್ ಭಾಷೆಯಲ್ಲಿ ಇಂದಿಗೂ ಕ್ರಿಯಾಪದವು ವಾಕ್ಯದ ಎರಡನೆಯ ಸ್ಥಾನದಲ್ಲಿ ನಿಂತು, ಅದರ ಉಪಸರ್ಗವು ವಾಕ್ಯದ ಕಟ್ಟಕಡೆಯಲ್ಲಿ ಬಂದು ಅರ್ಥವನ್ನು ಪೂರ್ಣಗೊಳಿಸುವುದುಂಟು. ಕೊನೆಯ ಅಕ್ಷರ ಕಿವಿಗೆ ಬೀಳುವ ತನಕ ಕೇಳುಗನು ಕಾದುಕೊಂಡಿರಬೇಕು. ವೇದದ ಭಾಷೆ, ಜರ್ಮನ್, ಇಂಗ್ಲಿಷ್ ಇವು ಒಂದೇ ಭಾಷಾಕುಟುಂಬಕ್ಕೆ ಸೇರಿದವಾದ್ದರಿಂದ, ಒಬ್ಬಂಟಿಯಾಗಿ ಸಂಚರಿಸಬಲ್ಲ ಈ ಕಿರುಪದಗಳ ಸ್ವಾತಂತ್ರ್ಯವು ಆ ಕುಟುಂಬದ ಹಳೆಯ ಆಸ್ತಿಯೆಂದೇ ತಿಳಿಯಬೇಕು. ಸಂಸ್ಕೃತವು ಮುಂದೆ ಅವನ್ನು ಧಾತುವಿಗೆ ಕಟ್ಟಿಹಾಕಿತು; ಇಂಗ್ಲಿಷ್ ಅವನ್ನು ಬಿಟ್ಟುಕೊಂಡಿತು.

ಕನ್ನಡವು ಬೇರೊಂದು ಕುಟುಂಬದ ಭಾಷೆ. ಅದು ಇದೇ ಕೆಲಸಕ್ಕೆ ಉಪಸರ್ಗಗಳನ್ನು ಬಳಸದೆ, ಚಿಕ್ಕ ಚಿಕ್ಕ ಕ್ರಿಯಾಪದಗಳನ್ನೇ ಸಹಾಯಕ್ಕೆ ಕರೆದುಕೊಂಡಿದೆ. ಹುಡುಗ ಹಣ್ಣನ್ನು ತಿಂದ, ತಿಂದುಬಿಟ್ಟ, ತಿಂದುಹಾಕಿದ, ತಿಂದುಕೊಂಡ, ತಿಂದುನೋಡಿದ. ತಿನ್ನುವ ಕೆಲಸ ಒಂದೇ. ಬೆನ್ನಿಗೆ ಬಂದ ಮಾತಿನಿಂದ ಮುಗಿತಾಯವೋ, ಅಸಮಾಧಾನವೋ, ಸ್ವಪ್ರಯೋಜನವೋ, ಪರೀಕ್ಷೆಯೋ ಗೊತ್ತಾಗುತ್ತದೆ. ಹೊರನಾಡಿನಿಂದ ಬಂದು ಕನ್ನಡ ಕಲಿಯುವವನು ಬಿಡುವುದೇನು, ಹಾಕುವುದೇನು, ಕೊಳ್ಳುವುದೇನು ಎಂದು ನಮ್ಮನ್ನು ಕೇಳಿದರೆ, ನಾವು ಏನು ಉತ್ತರ ಕೊಡಬಲ್ಲೆವು? ಇಂಗ್ಲಿಷಿನ ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಎಂಬಲ್ಲಿನ ‘ಅಪ್’, ನಮ್ಮ ‘ಬಿಡು’ವಿನಂತೆಯೇ ಕೆಲಸ ಪೂರ್ತಿಯಾದುದನ್ನು ಸೂಚಿಸುತ್ತದೆ. ‘ಈಟ್ ಅಪ್’ ಎಂಬುದನ್ನು ‘ಮೇಲೆ ತಿನ್ನು’ ಎಂದು ಅರ್ಥಮಾಡುವ ವಿದ್ಯಾರ್ಥಿಗೆ ‘ತಿಂದುಬಿಡು’ ಎಂಬ ನಮ್ಮ ಮಾತನ್ನು ಒಮ್ಮೆ ಹೇಳಿಕೊಟ್ಟರೆ ಸಾಕು, ಬೇರೆ ವಿವರಣೆಯೇ ಬೇಕಾಗದು.

ಹೀಗಿದ್ದರೂ ನಮ್ಮವರು ಇಂಗ್ಲಿಷಿನ ಈ ಪ್ರಯೋಗಗಳನ್ನು ಬಳಸಲು ಹಿಂಜರಿಯುವುದಕ್ಕೆ ಇತಿಹಾಸದಲ್ಲಿ ಒಂದು ಕಾರಣವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯ ಆಸ್ಥಾನ, ನ್ಯಾಯಸ್ಥಾನಗಳ ವ್ಯವಹಾರಕ್ಕೆ ಫ್ರೆಂಚ್, ಧರ್ಮ ವಿದ್ಯೆಗಳಿಗೆ ಲ್ಯಾಟಿನ್ ಎಂದಾಗಿ, ದೇಶೀಯರ ನುಡಿ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಉಳಿಯಿತು. ಆ ನುಡಿಯ ಗಿಡ್ಡ ಕ್ರಿಯಾಪದಗಳೂ ಕಿರುಪದಗಳೂ ಸೇರಿದ ಈ ಜೋಡಿಗಳು ಅಂದಿನಿಂದ ಬೆಳೆಯುತ್ತ ಬಂದವು. ಮೇಲಿನಿಂದ ಬಂದ ದೊಡ್ಡ ಶಬ್ದಗಳು ಅವುಗಳ ಪಕ್ಕದಲ್ಲಿ ನಿಂತವು. ಆದ್ದರಿಂದಲೇ ಇಂಗ್ಲಿಷಿನಲ್ಲಿ ‘ಪುಟ್ ಆಫ್’ ಎಂಬುದಕ್ಕೆ ‘ಪೋಸ್ಟ್‌ಪೋನ್’, ‘ಪುಟ್ ಔಟ್’ ಎಂಬುದಕ್ಕೆ ‘ಎಕ್ಸ್‌ಟಿಂಗ್ವಿಷ್’, ‘ಗಿವ್ ಅಪ್’ ಎಂಬುದಕ್ಕೆ ‘ಸರೆಂಡರ್’ ಎಂದು ಎರಡೆರಡು ಮಾತುಗಳಿವೆ. ನಮ್ಮ ನಾಡಿಗೆ ಇಂಗ್ಲಿಷ್ ಬಂದದ್ದು ಪಠ್ಯಪುಸ್ತಕ, ಕಾನೂನು, ಸರಕಾರಿ ಪತ್ರವ್ಯವಹಾರಗಳ ಮೂಲಕ. ಹೀಗಾಗಿ ನಮಗೆ ಪರಿಚಯವಾದದ್ದು ದೊಡ್ಡ ಶಬ್ದಗಳ ಬಳಗವೇ ಹೊರತು ಮನೆಯೊಳಗಿನ ಮಾತಲ್ಲ. ದೀಪವನ್ನು ‘ಎಕ್ಸ್‌ಟಿಂಗ್ವಿಷ್’ ಮಾಡೆಂದು ಇಂಗ್ಲೆಂಡಿನ ತಾಯಿಯು ಮಗನಿಗೆ ಹೇಳುವುದಿಲ್ಲ. ‘ದೀಪವನ್ನು ನಿರ್ವಾಣಗೊಳಿಸು’ ಎಂದು ಕನ್ನಡದ ತಾಯಿಯು ಹೇಳದಿರುವಂತೆ.

ಲ್ಯಾಟಿನ್ನಿನ ಮೇಲಿನ ಭಕ್ತಿಯು ಇಂಗ್ಲಿಷರನ್ನೇ ಒಮ್ಮೆ ಪೀಡಿಸಿತು. ಮಹಾಕವಿಯೂ ವಿಮರ್ಶಕನೂ ಆದ ಜಾನ್ ಡ್ರೈಡನ್ನನು 1672ರಲ್ಲಿ, ನಾಟಕಕಾರ ಬೆನ್ ಜಾನ್ಸನ್ನನ ಬರವಣಿಗೆಯಲ್ಲಿ ವಾಕ್ಯವು ಕಿರುಪದದಿಂದ ಮುಗಿಯುವುದು ದೋಷವೆಂದು ತೋರಿಸಿ, ಆಮೇಲೆ ತನ್ನ ಗದ್ಯದಲ್ಲಿಯೂ ಅಂತಹ ಎಡೆಗಳನ್ನು ತಿದ್ದಿಕೊಂಡನು. ಆತನ ಅಭಿರುಚಿಯು ಮುಂದೆ ಶಾಲೆಯ ಉಪಾಧ್ಯಾಯರ ಕೈಯಲ್ಲಿ ಕಟ್ಟಳೆಯಾಯಿತು. ಕಟ್ಟಳೆಗೆ ಅಂಟಿಕೊಂಡು ‘ಪುಟ್ ಅಪ್ ವಿತ್’ನ ಕಿರುಪದಗಳೆರಡನ್ನೂ ವಾಕ್ಯದ ಮುಂದಕ್ಕೆ ಎಳೆದು, ‘ಪುಟ್’ ಒಂದನ್ನೇ ಕೊನೆಯಲ್ಲಿ ನಿಲ್ಲಿಸಿದರೆ ಎಂತಹ ವಿಕಾರವಾದ ವಾಕ್ಯವಾಗುತ್ತದೆಂಬುದನ್ನು ತೋರಿಸುವ ಒಂದು ಪ್ರಸಿದ್ಧವಾದ ಚಾಟೂಕ್ತಿಯುಂಟು. ಅದನ್ನು ವಿನ್ಸ್‌ಟನ್ ಚರ್ಚಿಲರು ತಮ್ಮ ವಾಕ್ಯವನ್ನು ತಿದ್ದಿದ ಅಧಿಕಾರಿಗೆ ಉತ್ತರವಾಗಿ ಬರೆದರೆಂದು ಎಲ್ಲೆಡೆಯಲ್ಲಿಯೂ ಹೇಳುತ್ತಾರೆ. ಆದರೆ ಅದಕ್ಕೆ ಗಟ್ಟಿಯಾದ ಆಧಾರ ದೊರೆತಿಲ್ಲ. ಮಾತು ಯಾರದಾದರೂ ಆಗಲಿ, ಅದು ಸಾಧಿಸುವ ವಿಷಯ ಸತ್ಯ: ಆ ಮೂರು ಪದಗಳು ಸೇರಿ ಒಂದೇ ಕ್ರಿಯಾಪದ, ಅದನ್ನು ಸೀಳಿದರೆ ಜೀವ ಉಳಿಯದು.

ಈ ಐಕ್ಯವನ್ನು ಮರೆತುದರಿಂದ ಒಂದು ದೊಡ್ಡ ಯೋಜನೆಯೇ ತೊಡಕಿಗೆ ಸಿಕ್ಕಿತು. ಸಿ. ಕೆ. ಆಗ್ಡನ್ ಎಂಬ ಮೇಧಾವಿಗಳು 1930ರಲ್ಲಿ, ಲೋಕದ ಜನರೆಲ್ಲರೂ ಸುಲಭವಾಗಿ ಕಲಿಯಲೆಂಬ ಉದಾತ್ತವಾದ ಆಶಯದಿಂದ, ಕೇವಲ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಎಂಬುದನ್ನು ರಚಿಸಿದರು. ಅದರಲ್ಲಿ ಕ್ರಿಯಾಪದದ ಕೆಲಸವನ್ನು ಮಾಡುವ ಮಾತುಗಳು ಬರಿಯ 18. ಉಳಿದ ಸಹಸ್ರಾರು ಕ್ರಿಯೆಗಳ ಹೊರೆಯನ್ನು ಹೊರಬೇಕಾದವು ‘ಪುಟ್’, ‘ಗೆಟ್’, ‘ಟೇಕ್’, ‘ಗಿವ್’ ಮೊದಲಾದವೂ ಅವುಗಳೊಡನೆ ಕೂಡುವ ಕಿರುಪದಗಳೂ. ಪಟ್ಟಿಯಲ್ಲಿ ‘ಪುಟ್’ ಒಂದು, ‘ಅಪ್’ ಒಂದು, ‘ವಿತ್’ ಒಂದು. ಆದರೆ ಅವು ಕೂಡಿ ಹುಟ್ಟಿಸುವ ನಾಲ್ಕನೆಯ ಮಾತು ಲೆಕ್ಕದೊಳಗೆ ಬಾರದು. ಕಲಿಯುವವನು ಮಾತ್ರ ಅದನ್ನು ಹೊಸದಾಗಿ ಕಲಿಯಲೇಬೇಕು. ಆ ಯೋಜನೆಯ ಹಿಂದಿದ್ದ ಸದುದ್ದೇಶಕ್ಕೆ ನನ್ನ ಗೌರವವಿದೆ. ಆದರೆ ಭಾಷೆಯ ಭಾರವನ್ನು ಪದಗಳ ಎಣಿಕೆಯಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಬಳಕೆಯ ವಿಷಯದಲ್ಲಿ ಒಂದೆರಡು ಸೂಕ್ಷ್ಮಗಳನ್ನು ಹೇಳದಿದ್ದರೆ ಭಾಷಣ ಅಪೂರ್ಣವಾಗುತ್ತದೆ. ‘ಪುಟ್ ಅಪ್’ ಎಂಬ ಜೋಡಿಯನ್ನು ಬಿಡಿಸಬಹುದು. ಡೇರೆಯನ್ನು ಹಾಕುವುದೆಂಬಲ್ಲಿ ಡೇರೆಯನ್ನು ಹೆಸರಿಸುವ ಪದವು ‘ಅಪ್’ ಎಂಬುದರ ಆಚೆಗೂ ಬರಬಹುದು, ನಡುವೆಯೂ ಬರಬಹುದು. ‘ಇಟ್’ ಎಂಬ ಸರ್ವನಾಮವಾದರೆ ನಡುವೆಯೇ ಬರಬೇಕು, ‘ಪುಟ್ ಇಟ್ ಅಪ್’ ಎಂದೇ ಹೇಳಬೇಕು. ‘ಪುಟ್ ಅಪ್ ವಿತ್’ಗೆ ಈ ಸೌಲಭ್ಯವಿಲ್ಲ, ಅದರ ಕರ್ಮಪದವು ನಾಮವಾಗಲಿ ಸರ್ವನಾಮವಾಗಲಿ ‘ವಿತ್’ನ ಅನಂತರವೇ ಬರತಕ್ಕದ್ದು. ‘ವಿತ್’ ಮರೆತು, ಗದ್ದಲವನ್ನು ‘ಪುಟ್ ಅಪ್’ ಮಾಡಲಾರೆನೆಂದು ನಮ್ಮವರು ಬರೆಯುವುದುಂಟು. ಅದನ್ನು ಓದಿದ ಇಂಗ್ಲಿಷನಿಗೆ ಗದ್ದಲವನ್ನು ಗೋಡೆಗೆ ತೂಗುಹಾಕುವ ಮಾತಿನಂತೆ ಕೇಳಿಸುತ್ತದೆ. ಉಚ್ಚಾರಣೆಯಲ್ಲಿ ಒತ್ತು ಬೀಳುವುದು ‘ಅಪ್’ ಎಂಬುದರ ಮೇಲೆ. ‘ವಿತ್’ ಹಗುರವಾಗಿ ತೇಲಿಹೋಗಬೇಕು. ‘ಲುಕ್ ಅಟ್’ ಎಂಬಲ್ಲಿ ಒತ್ತು ‘ಲುಕ್’ ಮೇಲೆ, ‘ಗಿವ್ ಅಪ್’ ಎಂಬಲ್ಲಿ ‘ಅಪ್’ ಮೇಲೆ ಎಂಬ ಭೇದವನ್ನು ಮುದ್ರಿತ ಪುಟವು ತೋರಿಸಲಾರದು. ಇಂಗ್ಲಿಷ್ ವಾರ್ತೆಯನ್ನೋ ನಾಟಕವನ್ನೋ ಬಾನುಲಿಯಲ್ಲಿ ಕೇಳುವ ಅಭ್ಯಾಸವುಳ್ಳವರಿಗೆ ಅದು ತಾನಾಗಿಯೇ ನಾಲಗೆಗೆ ಬಂದೀತು.

ಅಕಾರಾದಿಯಾಗಿ ಜೋಡಿಸಿದ ಪಟ್ಟಿಗಳನ್ನು ಬಾಯಿಪಾಠಮಾಡಿ ಇವುಗಳನ್ನು ಕಲಿಯಲು ಹೊರಡುವ ವಿದ್ಯಾರ್ಥಿಗಳನ್ನು ಕಂಡು ನನಗೆ ಮರುಕವಾಗುತ್ತದೆ. ಪಟ್ಟಿಯಲ್ಲಿ ‘ಪುಟ್ ಆನ್’, ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್’ ಎಂದು ಒಂದರ ಕೆಳಗೊಂದು ಇರುವಾಗ, ಮರುದಿನಕ್ಕೆ ಒಂದರ ಅರ್ಥ ಮತ್ತೊಂದಕ್ಕೆ ಅಂಟಿಕೊಳ್ಳುವುದು ಸಹಜ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿಯವರು ತಮ್ಮ ಸಹೋದ್ಯೋಗಿಗಳೊಡನೆ 1942ರಲ್ಲಿ ಟೋಕಿಯೋದಲ್ಲಿ ಹೊರತಂದ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಮತ್ತೆ ಪ್ರಕಟವಾದ ನಿಘಂಟು ವಿದೇಶೀಯ ವಿದ್ಯಾರ್ಥಿಗೆ ಮಹೋಪಕಾರವನ್ನು ಮಾಡಿದ್ದು, ಅರ್ಥದ ಜೊತೆಗೆ ವಾಕ್ಯದ ಅಚ್ಚನ್ನೂ ಉದಾಹರಣೆಗಳನ್ನೂ ಕೊಟ್ಟದ್ದರಿಂದ. ನಮ್ಮ ವಿದ್ಯಾರ್ಥಿಯೂ ಆ ಕ್ರಮವನ್ನನುಸರಿಸಿ, ಕಥೆ ಕಾದಂಬರಿಗಳಲ್ಲಿ, ಅದರಲ್ಲಿಯೂ ಪಾತ್ರಗಳು ಪರಸ್ಪರ ಮಾತನಾಡುವ ಎಡೆಗಳಲ್ಲಿ, ಇಂತಹ ಪ್ರಯೋಗ ಕಂಡೊಡನೆ ವಾಕ್ಯವನ್ನು ಇಡಿಯಾಗಿ ಬರೆದಿಟ್ಟುಕೊಂಡು, ಅದರ ಪಕ್ಕದಲ್ಲಿ ಕೋಶದ ಅರ್ಥವನ್ನಲ್ಲ, ಅದೇ ಸಂದರ್ಭದಲ್ಲಿ ತನ್ನ ಮನೆಯವರು ಆಡುವ ಕನ್ನಡದ ಮಾತನ್ನು ಬರೆಯಲಿ. ‘ಪುಟ್ ಅಪ್ ವಿತ್’ನ ಎದುರಿಗೆ ‘ಸಹಿಸು’ ಎಂದು ಒಂದೇ ಪದವನ್ನು ಬರೆದು ಮುಗಿಸದೆ, ಬಾಡಿಗೆಯ ಮನೆಯ ಸೋರುವ ಮಾಳಿಗೆಯ ವಾಕ್ಯ ಸಿಕ್ಕಿದಾಗ ‘ಸುಧಾರಿಸಿಕೊ’ ಎಂದೂ, ಹಟಮಾರಿ ಮಗುವಿನ ವಾಕ್ಯ ಸಿಕ್ಕಿದಾಗ ‘ಏಗು’ ಎಂದೂ, ಬೇಸಗೆಯ ಸೆಕೆಯ ವಾಕ್ಯ ಸಿಕ್ಕಿದಾಗ ‘ತಡೆದುಕೊ’ ಎಂದೂ, ಒಂದೊಂದನ್ನೂ ಅದರದರ ವಾಕ್ಯದ ಪಕ್ಕದಲ್ಲಿಯೇ ಬರೆದುಕೊಳ್ಳಲಿ.